ನಿಮಗಿದು ಗೊತ್ತೆ? ಬಂಡೆ ಕೊರೆದು ಕಟ್ಟಿದ ದೃಶ್ಯ

ಡೇವಿಡ್ ಲೀನ್ ನಿರ್ದೇಶನದ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಅದರ ಬಹಳಷ್ಟು ಭಾಗ ಚಿತ್ರೀಕರಣಗೊಂಡದ್ದು ಬೆಂಗಳೂರು ಮತ್ತು ಸುತ್ತಲ ಬೆಟ್ಟಗಳಲ್ಲಿ.

• ಕಥೆ ನಡೆಯುವ ಚಂದ್ರಾಪೋರ್ ಊರಿನ ಪೇಟೆಯ ಸೆಟ್ ಎದ್ದು ನಿಂತದ್ದು ದಂಡು ಪ್ರದೇಶಕ್ಕೆ ಹತ್ತಿರದ ಬೆಂಗಳೂರು ಅರಮನೆಯ ಆವರಣದಲ್ಲಿ.

• ಚಿತ್ರಕ್ಕೆ ಆಧಾರವಾದ ಇ.ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿಯ ಮರಬಾರ್ ಗುಹೆಗಳಿಗೆ ಬಿಹಾರದ ಬರಾಬರ್ ಗುಹೆಗಳೇ ಪ್ರೇರಣೆ. ಅಲ್ಲಿನ ನೋಟ ಲೀನ್‌ಗೆ ಸಪ್ಪೆ ಎನಿಸಿತು. ಸಾವನದುರ್ಗ, ರಾಮದೇವರಬೆಟ್ಟಗಳನ್ನು ಆರಿಸಿಕೊಂಡು ಬಂಡೆಯಲ್ಲಿ ಗುಹೆಯ ಬಾಯಿ ಕೊರೆಸಿದರು.

• ನಾಯಕಿ ಅಡೆಲಾ ಸೈಕಲ್ಲಿನಲ್ಲಿ ಹೋಗಿ, ಪಾಳುಗುಡಿಯ ಮಿಥುನ ಶಿಲ್ಪಗಳನ್ನು ಕಂಡು, ಕೋತಿಗಳ ಹಿಂಡಿಗೆ ಬೆದರಿ ಓಡುವ ದೃಶ್ಯ ಕಾದಂಬರಿಯಲ್ಲಿಲ್ಲ, ಲೀನ್ ಸೇರಿಸಿದ್ದು. ಗುಹೆಯಲ್ಲಿ ಅವಳು ಕಂಗೆಡುವುದನ್ನು ನಾವು ನಂಬುವುದು ಇದರಿಂದಲೇ.

• ಚಿತ್ರಕಥೆ, ನಿರ್ದೇಶನ, ಸಂಕಲನ ಮೂರೂ ಲೀನ್ ಅವರದೇ. ಚಿತ್ರಕ್ಕೆ 2 ಆಸ್ಕರ್ ಬಂದವು: ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಪೋಷಕ ನಟಿ, ಮೌರಿಸ್ ಜಾರ್‌ಗೆ ಸಂಗೀತ ಪ್ರಶಸ್ತಿ.