ಮೂತ್ರಕೋಶಕ್ಕೊಂದು ಗಡಿಯಾರ

ಕತ್ತಿನ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲು ನಾಲ್ಕರ ಸ್ವಾಧೀನವೂ ತಪ್ಪಿದವರಿಗೆ ಮೂತ್ರಕೋಶ ತುಂಬಿದ್ದು ಸಾಮಾನ್ಯವಾಗಿ ಹೊಟ್ಟೆಯ ಕೆಳಗೆ ತಿಳಿಯುವುದಿಲ್ಲ. ಎಷ್ಟೋ ಸಲ ಅದು ತಲೆಯಲ್ಲಿ ತಿಳಿಯುತ್ತದೆ. ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ಕೆಂಪೇರುವ ಮುಖ, ಕಟ್ಟಿದ ಮೂಗು, ಹಣೆ ಮತ್ತು ಕುತ್ತಿಗೆಯ ಮೇಲೆ ಇಳಿಯುವ ಬೆವರು. ಮನೆಯವರು ಗಾಬರಿಯಾಗಿ ತಲೆನೋವಿನ ಮಾತ್ರೆ ಹುಡುಕುತ್ತಾರೆ, ಫ್ಯಾನ್ ಹಾಕುತ್ತಾರೆ, ಕೂತವರನ್ನು ಮಲಗಿಸುತ್ತಾರೆ. ಆ ಹೊತ್ತಿನಲ್ಲಿ ಮಲಗಿಸಲೇಬಾರದು. ಮೊದಲು ನೋಡಬೇಕಾದ್ದು ಮೂತ್ರದ ಪೈಪನ್ನು.

ಇದಕ್ಕೆ ವೈದ್ಯರು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಎದೆಯ ಆರನೆಯ ಕಶೇರುವಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಬೆನ್ನುಹುರಿ ಘಾಸಿಗೊಂಡವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅತಿಯಾಗಿ ತುಂಬಿದ ಮೂತ್ರಕೋಶ ಕಳಿಸಿದ ಸಂದೇಶ ಬೆನ್ನುಹುರಿಯಲ್ಲಿ ಮೇಲೇರುತ್ತದೆ, ಆದರೆ ಕತ್ತಿನ ಗಾಯ ದಾಟಿ ಮಿದುಳನ್ನು ತಲುಪುವುದಿಲ್ಲ. ದಾರಿಯಲ್ಲೇ ಅದು ಕೆಲವು ನರಗಳನ್ನು ಕೆರಳಿಸುತ್ತದೆ. ಹೊಟ್ಟೆ ಮತ್ತು ಕಾಲಿನ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಏರಿದ್ದನ್ನು ಗುರುತಿಸಿದ ಮಿದುಳು ‘ಸಡಿಲವಾಗು’ ಎಂದು ಆಜ್ಞೆ ಕಳಿಸಿದರೂ ಅದು ಗಾಯದ ಮೇಲಿನ ಭಾಗಕ್ಕಷ್ಟೇ ಮುಟ್ಟುತ್ತದೆ. ಮುಖ ಕೆಂಪಾಗುವುದು, ಹಣೆ ಬೆವರುವುದು ಅದರಿಂದ.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಮನೆಯವರು ತಿಳಿದಿರಲೇಬೇಕು. ಕತ್ತಿನ ಪೆಟ್ಟಿನವರ ಮಾಮೂಲಿ ರಕ್ತದೊತ್ತಡವೇ ಕಡಿಮೆ. ಮೇಲಿನ ಅಂಕಿ 90ರಿಂದ 110ರ ಆಸುಪಾಸಿನಲ್ಲಿರುತ್ತದೆ. ಅಂಥವರಲ್ಲಿ 140 ಕಂಡರೆ ಅದು ‘ಪರವಾಗಿಲ್ಲ’ ಎನ್ನುವ ಬಿ.ಪಿ. ಅಲ್ಲ, ಎಚ್ಚರಿಕೆ. ತಕ್ಷಣ ನೇರ ಕೂರಿಸಿ ಕಾಲು ಕೆಳಗಿಳಿಸಬೇಕು. ಬೆಲ್ಟು, ಪಟ್ಟಿ, ಬಿಗಿ ಬಟ್ಟೆ ಸಡಿಲಿಸಬೇಕು. ಪೈಪು ಮಡಚಿಕೊಂಡಿದೆಯೇ, ತೊಡೆಯಡಿ ಸಿಕ್ಕಿಕೊಂಡಿದೆಯೇ, ಬ್ಯಾಗು ತುಂಬಿದೆಯೇ ನೋಡಬೇಕು. ಪೈಪು ಇಲ್ಲದವರಿಗೆ ಕೂಡಲೇ ಪೈಪಿನಿಂದ ಮೂತ್ರ ತೆಗೆಯಬೇಕು. ಎಷ್ಟೋ ಬಾರಿ ಅಷ್ಟರಲ್ಲೇ ಒತ್ತಡ ಇಳಿಯುತ್ತದೆ. ಇಳಿಯದಿದ್ದರೆ ಮಲ ಕಟ್ಟಿದ್ದೋ ಚರ್ಮದ ಹುಣ್ಣೋ ಕಾರಣವಿರಬಹುದು, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಿರ್ಲಕ್ಷಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವಷ್ಟು ಒತ್ತಡ ಏರಬಹುದು.

ಬೆನ್ನುಹುರಿ ಪೆಟ್ಟಿನವರ ಮೂತ್ರದ ತೊಂದರೆಯೆಂದರೆ ಬಟ್ಟೆ ಒದ್ದೆಯಾಗುವುದು ಎಂದೇ ಹೆಚ್ಚಿನವರ ಕಲ್ಪನೆ. ನಿಜವಾದ ಅಪಾಯ ಸೋರುವುದರಲ್ಲಿಲ್ಲ, ಒಳಗಿನ ಒತ್ತಡದಲ್ಲಿದೆ. ಆರೋಗ್ಯವಂತರ ಮೂತ್ರಕೋಶ 400–500 ಮಿ.ಲೀ. ಮೂತ್ರವನ್ನು ತೀರಾ ಕಡಿಮೆ ಒತ್ತಡದಲ್ಲಿ ಹಿಡಿದಿಡುತ್ತದೆ. ಖಾಲಿ ಮಾಡುವಾಗ ಕೋಶದ ಸ್ನಾಯು ಹಿಂಡಬೇಕು, ಬಾಗಿಲಿನ ಬಿಗಿಸ್ನಾಯು ಅದೇ ಕ್ಷಣಕ್ಕೆ ಸಡಿಲಬೇಕು. ಈ ತಾಳಮೇಳ ಕೂಡಿಸುವ ಕೇಂದ್ರ ಮಿದುಳಿನ ಬುಡದಲ್ಲಿದೆ. ಪೆಟ್ಟಾದ ಮೊದಲ ಕೆಲವು ವಾರ ಮೂತ್ರಕೋಶ ಪೂರ್ತಿ ಜೋಲುಬಿದ್ದಿರುತ್ತದೆ. ಆಮೇಲೆ ಬೆನ್ನುಹುರಿಯ ತುದಿಭಾಗ ತನ್ನಷ್ಟಕ್ಕೆ ಆಜ್ಞೆ ಕೊಡತೊಡಗುತ್ತದೆ. ಕೋಶ ಹಿಂಡುವಾಗಲೇ ಬಾಗಿಲೂ ಬಿಗಿಯುತ್ತದೆ. ವಾಲ್ವ್ ತೆರೆಯದೆ ಸಂಪಿನ ಮೋಟರ್ ಹಾಕಿದರೆ ಪೈಪಿನ ಜೋಡಣೆಗೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಒತ್ತಡ 40 ಸೆಂ.ಮೀ. ನೀರಿನ ಮಟ್ಟ ದಾಟಿ ಹಾಗೇ ಉಳಿದರೆ ಮೂತ್ರ ಹಿಮ್ಮುಖವಾಗಿ ಕಿಡ್ನಿಯ ಕಡೆ ತಳ್ಳಲ್ಪಟ್ಟು, ನೋವಿನ ಸುಳಿವೂ ಇಲ್ಲದೆ ವರ್ಷಗಳಲ್ಲಿ ಕಿಡ್ನಿ ಕೆಡುತ್ತದೆ.

ಒಂದು ಕಾಲಕ್ಕೆ ಬೆನ್ನುಹುರಿ ಮುರಿದವರ ಸಾವಿಗೆ ಮೂತ್ರದ ಸೋಂಕು ಮತ್ತು ಕಿಡ್ನಿ ವೈಫಲ್ಯವೇ ಮುಖ್ಯ ಕಾರಣ. ಮೊದಲ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಹೆಚ್ಚಿನ ಸೈನಿಕರು ಬಹುಕಾಲ ಬದುಕಲಿಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ವಿಭಾಗ ತೆರೆದರು. ಪೈಪನ್ನು ಒಳಗೇ ಬಿಡದೆ, ಹೊತ್ತುಹೊತ್ತಿಗೆ ಹಾಕಿ ಖಾಲಿ ಮಾಡಿ ತೆಗೆದುಬಿಡುವ ಪದ್ಧತಿಯನ್ನು ಅವರು ರೂಢಿಗೆ ತಂದರು. ಆದರೆ ಅದು ಪೂರ್ತಿ ಸ್ಟೆರೈಲ್ ಕ್ರಮ, ನುರಿತ ಸಿಬ್ಬಂದಿಯ ಕೈಯಲ್ಲಿದ್ದ ಕೆಲಸ. 1972ರಲ್ಲಿ ಅಮೆರಿಕದ ಮಿಷಿಗನ್‌ನ ಯುರಾಲಜಿಸ್ಟ್ ಜ್ಯಾಕ್ ಲ್ಯಾಪಿಡಿಸ್ ಒಂದು ಹೆಜ್ಜೆ ಮುಂದೆ ಹೋದರು. ಸ್ಟೆರೈಲ್ ಆಗಬೇಕಿಲ್ಲ, ಶುಚಿಯಾಗಿದ್ದರೆ ಸಾಕು. ಅತಿಯಾಗಿ ಹಿಗ್ಗಿದ ಮೂತ್ರಕೋಶದ ಗೋಡೆಗೆ ರಕ್ತ ಸರಿಯಾಗಿ ಹರಿಯದೆ ಸೋಂಕು ತಡೆಯುವ ಶಕ್ತಿಯೇ ಕುಂದುತ್ತದೆ, ಆದ್ದರಿಂದ ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂದರು. ಆಗ ಬಹಳ ಮಂದಿ ನಂಬಲಿಲ್ಲ. ನನಗೆ ಇದು ಕಳೆದ ಶತಮಾನದ ಅತ್ಯಂತ ಉದಾರ ವೈದ್ಯಕೀಯ ಚಿಂತನೆಗಳಲ್ಲಿ ಒಂದೆನಿಸುತ್ತದೆ. ಕಿಡ್ನಿ ಕಾಯುವ ಕೆಲಸವನ್ನು ಅದು ಆಸ್ಪತ್ರೆಯಿಂದ ತೆಗೆದು ತಾಯಿ, ಹೆಂಡತಿ, ತಮ್ಮನ ಕೈಗೆ ಕೊಟ್ಟಿತು.

ಸಿ.ಐ.ಸಿ. ಎಂದು ಕರೆಯುವ ಈ ಕ್ರಮದಲ್ಲಿ ಬೇಕಾದ್ದು ಸೋಪಿನಿಂದ ತೊಳೆದ ಕೈ, ತೆಳು ಪೈಪು, ಜೆಲ್ಲಿ, ಅಳತೆಯಿರುವ ಮಗ್ಗು. ನಾಲ್ಕರಿಂದ ಆರು ಗಂಟೆಗೊಮ್ಮೆ ತೆಗೆಯಬೇಕು, ಒಂದು ಸಲಕ್ಕೆ 500 ಮಿ.ಲೀ. ಮೀರಬಾರದು. ಮೀರುತ್ತಿದ್ದರೆ ಅಂತರ ಕಡಿಮೆ ಮಾಡಬೇಕು. ಕತ್ತಿನ ಆರು–ಏಳನೆಯ ಮಟ್ಟದಲ್ಲಿ ಪೆಟ್ಟಾದವರಲ್ಲಿ ಕೆಲವರು ಮಣಿಕಟ್ಟು ಮೇಲೆತ್ತಿದಾಗ ಬೆರಳು ತಾನಾಗಿ ಮುಚ್ಚುವ ಹಿಡಿತ ಬಳಸಿ ಸ್ವತಃ ಕಲಿಯುತ್ತಾರೆ. ಅದಕ್ಕಿಂತ ಮೇಲಿನ ಪೆಟ್ಟಿಗೆ ಇನ್ನೊಬ್ಬರ ಕೈ ಬೇಕು. ನಡುರಾತ್ರಿ, ನಸುಕಿನಲ್ಲಿ ಎದ್ದು ಈ ಕೆಲಸ ಮಾಡುವವರ ದಣಿವನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಕೈ ಒದಗದ ಮನೆಯಲ್ಲಿ ಒಳಗೇ ಉಳಿಯುವ ಫೋಲಿ ಕ್ಯಾತಿಟರ್ ಅನಿವಾರ್ಯ. ಅದರಲ್ಲಿ ತಪ್ಪೇನಿಲ್ಲ. ಆದರೆ ವರ್ಷಗಟ್ಟಲೆ ಮೂತ್ರನಾಳದಲ್ಲಿ ಬಿಡುವುದಕ್ಕಿಂತ ಹೊಕ್ಕುಳ ಕೆಳಗೆ ಸಣ್ಣ ರಂಧ್ರ ಮಾಡಿ ಹಾಕುವ ಎಸ್.ಪಿ.ಸಿ. ಹಲವರಿಗೆ ಹಿತ. ಮೂತ್ರನಾಳ ಸೀಳುವುದಿಲ್ಲ, ಗಾಲಿಕುರ್ಚಿಯಲ್ಲಿ ಕೂತಾಗ ಒತ್ತುವುದಿಲ್ಲ, ಬದಲಿಸುವುದೂ ಸುಲಭ. ಬ್ಯಾಗು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಪೈಪು ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿದ್ದರೆ ಮೂತ್ರಕೋಶದಲ್ಲಿ ಕಲ್ಲಿದೆಯೇ ಎಂದು ಪರೀಕ್ಷಿಸಬೇಕು.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾದ್ದು. ಪೈಪು ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಮೂತ್ರ ಮಂಕಾಗಿದೆ, ವಾಸನೆ ಬಂದಿದೆ ಎಂದಷ್ಟಕ್ಕೇ ಮೆಡಿಕಲ್ ಸ್ಟೋರಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿದರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಷ್ಟೇ ಒಳಗೆ ಉಳಿದು ಬೆಳೆಯುತ್ತವೆ. ಜ್ವರ, ಚಳಿನಡುಕ, ಕಾಲಿನ ಸೆಳೆತ ಹೆಚ್ಚುವುದು, ಹೊಸದಾಗಿ ಸೋರುವುದು ಕಂಡಾಗ ಮೊದಲು ಕಲ್ಚರ್ ಪರೀಕ್ಷೆಗೆ ಮೂತ್ರ ಕೊಡಬೇಕು, ಔಷಧ ಆಮೇಲೆ.

ಕಿಡ್ನಿ ಮತ್ತು ಮೂತ್ರಕೋಶದ ಸ್ಕ್ಯಾನಿಂಗ್ ವರ್ಷಕ್ಕೊಮ್ಮೆ ಆಗಬೇಕು. ಒಳಗಿನ ಒತ್ತಡ ಅಳೆಯುವ ಯುರೋಡೈನಮಿಕ್ಸ್ ಪರೀಕ್ಷೆ ಪೆಟ್ಟಾದ ಮೊದಲ ಕೆಲವು ತಿಂಗಳಲ್ಲೇ ಒಮ್ಮೆ ಆಗಬೇಕು. ಒತ್ತಡ ಹೆಚ್ಚಿದ್ದರೆ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆ, ಮಾತ್ರೆಗೆ ಬಗ್ಗದಿದ್ದರೆ ಕೋಶದ ಗೋಡೆಗೆ ಬೊಟಾಕ್ಸ್ ಚುಚ್ಚುಮದ್ದು. ಇಂಥ ನೆರವು ಬೆಂಗಳೂರಿನವರಿಗೆ ದೂರವೇನಲ್ಲ. ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವಿದೆ, ಚಾಮರಾಜಪೇಟೆಯ ಮಗ್ಗುಲಲ್ಲೇ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೊ ಯುರಾಲಜಿ ಸಂಸ್ಥೆಯಿದೆ. ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ, ಲಿಂಗರಾಜಪುರದ ಎ.ಪಿ.ಡಿ. ಸಂಸ್ಥೆ ಬೆನ್ನುಹುರಿ ಪೆಟ್ಟಿನವರ ಪುನರ್ವಸತಿಯಲ್ಲೂ ತೊಡಗಿದೆ.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಎದುರಾಗುವುದು ಹಳೆಯ ಬೆಂಗಳೂರಿನ ಮನೆ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ರೂಪುಗೊಂಡಾಗ ಆರೋಗ್ಯಕ್ಕೆಂದೇ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಕಕ್ಕಸು ಹಿತ್ತಲಿನ ಕೊನೆಯಲ್ಲಿ, ಗಲ್ಲಿಗೆ ಹೊಂದಿಕೊಂಡಂತೆ ಇರುತ್ತಿತ್ತು. ಹಾಗೇ ಉಳಿದ ಮನೆಗಳಲ್ಲಿ ಇಂದಿಗೂ ಬಚ್ಚಲಿಗೆ ಹೋಗಲು ಎತ್ತರದ ಹೊಸ್ತಿಲು ದಾಟಿ ಎರಡು ಮೆಟ್ಟಿಲು ಇಳಿಯಬೇಕು. ಗಾಲಿಕುರ್ಚಿಗೆ 900 ಮಿ.ಮೀ. ಅಗಲದ ಬಾಗಿಲು ಬೇಕು, ಅಲ್ಲಿರುವುದು ಎರಡೂವರೆ ಅಡಿಯದೂ ಅಲ್ಲ. ಸಿ.ಐ.ಸಿ. ಈ ಅಡ್ಡಿಯನ್ನು ಪಕ್ಕಕ್ಕೆ ಸರಿಸುತ್ತದೆ. ಮೂತ್ರ ತೆಗೆಯಲು ಬಚ್ಚಲೇ ಬೇಕಿಲ್ಲ, ನಡುಮನೆಯ ಪಕ್ಕದ ಕೋಣೆ, ಒಂದು ಮಂಚ, ಒಂದು ಪರದೆ ಸಾಕು.

ಹೊರಗೆ ಹೋಗುವಾಗಲೇ ಕಷ್ಟ. ಗಾಂಧಿ ಬಜಾರಿಗೋ ನೆಂಟರ ಮದುವೆಗೋ ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವವರಿದ್ದಾರೆ. ಅಲ್ಲಿ ಪೈಪು ಹಾಕಿಕೊಳ್ಳಲು ಜಾಗವಿಲ್ಲ, ಕೇಳಲು ಸಂಕೋಚ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಸೋಂಕು, ಕಲ್ಲು, ಮಲಬದ್ಧತೆ ಎಲ್ಲಕ್ಕೂ ದಾರಿಯಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಒಂದೇ ಸಲಕ್ಕಲ್ಲದೆ ಹಂಚಿ ಕುಡಿಯಬೇಕು. ಲಗ್ನಪತ್ರಿಕೆ ಕೊಡಲು ಬಂದವರು ಕೇಳುವ ಮುಂಚೆಯೇ ಹೀಗೆ ಹೇಳಿಬಿಡಲಿ: ಛತ್ರದ ಕೆಳಮಹಡಿಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆಯನ್ನು ನಿಮಗೆಂದು ಬಿಡಿಸಿದ್ದೇವೆ, ಮಂಚವಿದೆ, ಪಕ್ಕದಲ್ಲೇ ನಲ್ಲಿಯಿದೆ, ಗಾಲಿಕುರ್ಚಿ ಒಳಗೆ ಬರುತ್ತದೆ.