ಚಾವಡಿಯಿಂದ ಗಣಕಕ್ಕೆ: ಪಹಣಿಯ ಸಾರ್ವಜನಿಕತೆ

ಅಂತರ್ಜಾಲವು ಪ್ರಜಾಪ್ರಭುತ್ವದ ಮೇಲೆ ಬೀರಿರುವ ಪರಿಣಾಮಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಚುನಾವಣೆ, ಪ್ರಚಾರ ಹಾಗೂ ಅಭಿಪ್ರಾಯ ರೂಪಣೆಯ ಸುತ್ತ ನಡೆದಿವೆ. ಗ್ರಾಮೀಣ ಕರ್ನಾಟಕದಲ್ಲಿ ಪ್ರಭುತ್ವಕ್ಕೂ ಪ್ರಜೆಗೂ ನಿತ್ಯದ ಸಂಬಂಧ ಏರ್ಪಡುವುದು ಮತಗಟ್ಟೆಗಿಂತ ಹೆಚ್ಚಾಗಿ ಪಹಣಿಯ ಮೂಲಕ. ಸಾಲ, ಬೆಳೆ ಪರಿಹಾರ, ಪಾಲುಪಟ್ಟಿ, ದಾವೆ ಇವೆಲ್ಲಕ್ಕೂ ಆಧಾರವಾದ ಈ ಹಾಳೆ ಗಣಕವನ್ನು ಸೇರಿದಾಗ ಊರಿನ ಸಾರ್ವಜನಿಕ ಬದುಕಿನಲ್ಲಿ ಆದ ವ್ಯತ್ಯಾಸವನ್ನು, ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹರವೆಯಂತಹ ಊರನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು.

ಹಳೆಯ ಮೈಸೂರು ಸೀಮೆಯಲ್ಲಿ ಜಮೀನಿನ ಲೆಕ್ಕವು ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿತ್ತು. ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆಯ ತರುವಾಯ ಆ ಹೊಣೆ ಗ್ರಾಮಲೆಕ್ಕಿಗರಿಗೆ ಬಂದಿತು. ವ್ಯಕ್ತಿ ಬದಲಾದರೂ ಕಡತದ ಮೇಲಿನ ಒಡೆತನ ಬದಲಾಗಲಿಲ್ಲ ಎಂಬುದು ರೈತರ ಅನುಭವ. ಆದರೆ 1964ರ ಭೂಕಂದಾಯ ಕಾಯಿದೆಯ 129ನೆಯ ಪ್ರಕರಣದಲ್ಲಿ ಮಹತ್ವದ ಉಪಬಂಧವೊಂದಿದೆ. ಖಾತೆ ಬದಲಾವಣೆಯ ನಮೂದನ್ನು ಮಾಡಿದೊಡನೆ ಅದರ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು; ಹಿತಾಸಕ್ತರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ಓದಲು ಬಾರದವನು ಬಲ್ಲವರಿಂದ ಓದಿಸಿಕೊಳ್ಳಬಹುದಿತ್ತು. ಅಕ್ಕಪಕ್ಕದ ಹಿಡುವಳಿದಾರನಿಗೂ ದಾಯಾದಿಗೂ ಸುದ್ದಿ ಮುಟ್ಟಬಹುದಿತ್ತು. ಈ ನಿಯಮ ಎಲ್ಲೆಡೆ ಪಾಲನೆಯಾಗಿತ್ತೆಂದು ಹೇಳಲಾಗದು. ಚಾವಡಿಯ ಜಗಲಿ ಎಲ್ಲ ಜಾತಿಯವರಿಗೂ, ಹೆಂಗಸರಿಗೂ ಸಮಾನವಾಗಿ ತೆರೆದಿರಲೂ ಇಲ್ಲ. ಯುರ್ಗೆನ್ ಹೇಬರ್ಮಾಸ್ 1962ರಲ್ಲಿ ಯುರೋಪಿನ ಕಾಫಿಗೃಹಗಳನ್ನು ಆಧರಿಸಿ ವಿವರಿಸಿದ ಸಾರ್ವಜನಿಕ ವಲಯಕ್ಕೂ ಇದೇ ಬಗೆಯ ಆಕ್ಷೇಪ ಎದುರಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ಕೇಂದ್ರದ ತಾಂತ್ರಿಕ ನೆರವಿನಿಂದ ರೂಪಿಸಿದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳು ಗಣಕೀಕೃತವಾದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿತು; ಕೈಬರಹದ ಪಹಣಿ ಕಾನೂನುಮಾನ್ಯತೆ ಕಳೆದುಕೊಂಡಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ನಮೂದು ಮಾಡಿದ ನೌಕರನ ಬೆರಳಚ್ಚು ಗಣಕದಲ್ಲಿ ಉಳಿಯಿತು. ಕೇಳಿದವರಿಗೆಲ್ಲ ಪಹಣಿ ಸಿಗುವಂತಾದದ್ದು ಸಣ್ಣ ಸಾಧನೆಯಲ್ಲ. ಮಾಹಿತಿ ಹಕ್ಕಿನ ಕೇಂದ್ರ ಕಾಯಿದೆ ಜಾರಿಗೆ ಬಂದದ್ದು 2005ರಲ್ಲಿ, ಅಂದರೆ ಇದಾದ ಮೇಲೆ.

ಆದರೆ ದಾಖಲೆಯೊಂದಿಗೆ ಅಧಿಕಾರವೂ ಊರಿನಿಂದ ತಾಲ್ಲೂಕಿಗೆ ಹೋಯಿತು. ಪಹಣಿಯಲ್ಲಿ ಸರ್ವೆ ನಂಬರೊಂದು ತಪ್ಪಾಗಿ ಅಚ್ಚಾಗಿದ್ದರೆ ಅದನ್ನು ತಿದ್ದಿಸಲು ಹರವೆಯ ರೈತನು ಚಾಮರಾಜನಗರದ ಕಚೇರಿಗೆ ಹೋಗಬೇಕಾಯಿತು. 2006ರ ಸುಮಾರಿಗೆ ಖಾಸಗಿ ಸಹಭಾಗಿತ್ವದಲ್ಲಿ ಬಂದ 'ನೆಮ್ಮದಿ' ಕೇಂದ್ರಗಳೂ ಅನಂತರದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೂ ದಾಖಲೆಯ ಪ್ರತಿಯನ್ನು ಹೋಬಳಿಗೆ ಮರಳಿ ತಂದವು, ತಿದ್ದುವ ಅಧಿಕಾರವನ್ನಲ್ಲ.

ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಮಂಡಿಸಿದ ವಿಮರ್ಶೆ ಇನ್ನೂ ಮುಂದೆ ಹೋಗುತ್ತದೆ. ಏಕರೂಪವಾಗಿ ಒಂದೆಡೆ ಸಿಗುವ ದಾಖಲೆಯಿಂದ ಬೆಂಗಳೂರಿನ ಸುತ್ತ ಹೆಚ್ಚಿನ ಅನುಕೂಲವಾದದ್ದು ದೊಡ್ಡ ಪ್ರಮಾಣದಲ್ಲಿ ಭೂಮಿ ಬಯಸುವವರಿಗೆ ಎಂಬುದು ಅವರ ವಾದ. ಚಾಮರಾಜನಗರದ ಮಳೆಯಾಶ್ರಿತ ಹೊಲಗಳಿಗೆ ಈ ವಾದವನ್ನು ಹಾಗೆಯೇ ಅನ್ವಯಿಸುವುದು ಅವಸರವಾದೀತು. ಆದರೂ ಅದು ಎತ್ತುವ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಎಲ್ಲರಿಗೂ ತೆರೆದ ದಾಖಲೆಯನ್ನು ವಾಸ್ತವವಾಗಿ ಯಾರು ಓದುತ್ತಾರೆ?

ಇಂದು ಪಹಣಿಯ ವಿವರ ಅಂತರ್ಜಾಲದಲ್ಲಿದೆ. ಮದುವೆಯಾಗಿ ಪರಊರು ಸೇರಿದ ಮಗಳು ತವರಿನ ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನು ಯಾರನ್ನೂ ಕೇಳದೆ ನೋಡಬಲ್ಲಳು. ಚಾವಡಿಯ ಗೋಡೆ ಅವಳಿಗೆ ಈ ಅವಕಾಶ ಕೊಟ್ಟಿರಲಿಲ್ಲ. ಊರಲ್ಲೇ ಉಳಿದ, ಓದು ಬಾರದ ಹಿಡುವಳಿದಾರನ ಸ್ಥಿತಿ ಬೇರೆ. ಗೋಡೆಯ ಮೇಲಿನ ಪ್ರತಿಯ ಸುದ್ದಿ ಅವನು ಹುಡುಕದಿದ್ದರೂ ಅವನ ಕಿವಿಗೆ ಬೀಳುತ್ತಿತ್ತು. ತೆರೆಯ ಮೇಲಿನ ನಮೂದನ್ನು ತಿಳಿಯಬೇಕಾದರೆ ಬದಲಾವಣೆ ನಡೆದಿರಬಹುದೆಂಬ ಅನುಮಾನ ಅವನಿಗೇ ಮೊದಲು ಬರಬೇಕು.