ಪುಸ್ತಕ ಹಬ್ಬದಲ್ಲಿ ನಮಗೇನು ಕೆಲಸ?



ನವೆಂಬರ್ ಬಂತೆಂದರೆ ನಮ್ಮ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಸಡಗರ. ಹಾಡು, ಕುಣಿತ, ನಾಟಕ, ಊಟ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಇನ್ನೊಂದು ಹಬ್ಬ ನಡೆಯುತ್ತದೆ. ಅದರ ಹೆಸರು ಟೆಕ್ಸಾಸ್ ಬುಕ್ ಫೆಸ್ಟಿವಲ್. ಇವತ್ತಿನ ಮಾತು ಅದರ ಬಗ್ಗೆ. ನಿಮ್ಮಲ್ಲಿ ಕೆಲವರು ಇದನ್ನು ಓದುತ್ತಿಲ್ಲ, ಕೇಳುತ್ತಿದ್ದೀರಿ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ, ಅಲ್ಲವೇ? ಸಂಕೋಚ ಬೇಡ. ಈ ಮಾತು ಮುಖ್ಯವಾಗಿ ನಿಮಗೇ.

ಈ ಹಬ್ಬ ಹುಟ್ಟಿದ್ದು 1995ರಲ್ಲಿ. ಆಗ ಟೆಕ್ಸಾಸ್ ಗವರ್ನರ್ ಅವರ ಪತ್ನಿಯಾಗಿದ್ದ ಲಾರಾ ಬುಷ್ ಮತ್ತು ಅವರ ಜೊತೆಗಾರರು ಇದನ್ನು ಶುರು ಮಾಡಿದರು. ಲಾರಾ ಬುಷ್ ಅದಕ್ಕೆ ಮೊದಲು ಶಾಲಾ ಶಿಕ್ಷಕಿಯಾಗಿ, ಲೈಬ್ರೇರಿಯನ್ ಆಗಿ ಕೆಲಸ ಮಾಡಿದವರು. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ಹಣ ಕೂಡಿಸುವುದು, ಓದುಗರನ್ನೂ ಲೇಖಕರನ್ನೂ ಒಂದೆಡೆ ಸೇರಿಸುವುದು ಇದರ ಉದ್ದೇಶ. ಒಳಗೆ ಹೋಗಲು ಟಿಕೆಟ್ ಇಲ್ಲ. ಯಾರು ಬೇಕಾದರೂ ಬರಬಹುದು.

ಜಾಗವೂ ವಿಶೇಷವಾದದ್ದು. 1888ರಲ್ಲಿ ಮುಗಿದ, ಕೆಂಪು ಛಾಯೆಯ ಗ್ರಾನೈಟ್ ಕಲ್ಲಿನ ಶಾಸನಸಭಾ ಕಟ್ಟಡ. ಕಾನೂನು ಮಾಡುವವರ ಕೋಣೆಗಳಲ್ಲಿ ಆ ಎರಡು ದಿನ ಕತೆಗಾರರು, ಕವಿಗಳು ಮಾತಾಡುತ್ತಾರೆ. ನಮ್ಮ ವಿಧಾನಸೌಧದ ಸಭಾಂಗಣದಲ್ಲಿ ಒಬ್ಬ ಕಾದಂಬರಿಕಾರ ಕುಳಿತು, ಎದುರಿಗೆ ನೀವು ಕುಳಿತಂತೆ ಕಲ್ಪಿಸಿಕೊಳ್ಳಿ. ಹೊರಗಿನ ಬೀದಿಯಲ್ಲಿ ಡೇರೆಗಳ ಸಾಲು. ಒಂದರಲ್ಲಿ ಮಕ್ಕಳಿಗೆ ಕತೆ, ಇನ್ನೊಂದರಲ್ಲಿ ಪುಸ್ತಕ ಮಾರಾಟ, ಮತ್ತೊಂದರಲ್ಲಿ ಲೇಖಕರ ಹಸ್ತಾಕ್ಷರ.

ಕ್ರಮ ಸರಳ. ಲೇಖಕರು ಒಬ್ಬರು ಅಥವಾ ಇಬ್ಬರು ಮೂವರು ವೇದಿಕೆಯಲ್ಲಿ ಕೂರುತ್ತಾರೆ. ಅವರನ್ನು ಮಾತಿಗೆಳೆಯಲು ಒಬ್ಬರಿರುತ್ತಾರೆ. ಕೊನೆಗೆ ಸಭಿಕರ ಪ್ರಶ್ನೆಗಳು. ಆಮೇಲೆ ಲೇಖಕರು ಹಸ್ತಾಕ್ಷರದ ಡೇರೆಗೆ ಬರುತ್ತಾರೆ, ನೀವು ಸಾಲಿನಲ್ಲಿ ನಿಲ್ಲುತ್ತೀರಿ. ಅಲ್ಲಿ ಸಿಗುವುದು ಒಂದೋ ಎರಡೋ ನಿಮಿಷ. ಅಷ್ಟರಲ್ಲಿ ಏನು ಕೇಳಬೇಕೆಂದು ಮೊದಲೇ ಯೋಚಿಸಿಕೊಂಡಿರಿ.

ಹಬ್ಬದವರು ಮಾಡುವ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ರೀಡಿಂಗ್ ರಾಕ್ ಸ್ಟಾರ್ಸ್ ಎಂಬ ಕಾರ್ಯಕ್ರಮದಲ್ಲಿ ಲೇಖಕರನ್ನು ಕಡಿಮೆ ಆದಾಯದ ಕುಟುಂಬಗಳ ಮಕ್ಕಳು ಓದುವ ಶಾಲೆಗಳಿಗೆ ಕರೆದುಕೊಂಡು ಹೋಗುತ್ತಾರೆ. ಕತೆ ಕೇಳಿದ ಮಕ್ಕಳಿಗೆ ಆ ಪುಸ್ತಕವನ್ನೇ ಕೊಡುತ್ತಾರೆ. ಹಿಂದಿರುಗಿಸಬೇಕಾದ ಪುಸ್ತಕವಲ್ಲ, ಮನೆಗೆ ಒಯ್ದು ಇಟ್ಟುಕೊಳ್ಳುವ ಪುಸ್ತಕ.

ಈಗ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಟೊಮಾಸ್ ರಿವೇರಾ. 1935ರಲ್ಲಿ ಟೆಕ್ಸಾಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದವನು. ಹೊಲದ ಕೂಲಿಗಾಗಿ ಬೆಳೆಯಿಂದ ಬೆಳೆಗೆ, ಊರಿಂದ ಊರಿಗೆ ಅಲೆಯುವ ಮೆಕ್ಸಿಕನ್ ಮೂಲದ ಕುಟುಂಬ. ಮನೆಮಾತು ಸ್ಪ್ಯಾನಿಷ್. ಎಲ್ ಪಾಸೊ ಊರಿನ ಲೇಖಕಿ ಪ್ಯಾಟ್ ಮೋರಾ ಇವನ ಬಾಲ್ಯವನ್ನಿಟ್ಟುಕೊಂಡು 'ಟೊಮಾಸ್ ಅಂಡ್ ದ ಲೈಬ್ರರಿ ಲೇಡಿ' ಎಂಬ ಚಿತ್ರಪುಸ್ತಕ ಬರೆದಿದ್ದಾರೆ. ಅದರಲ್ಲಿ ಅಜ್ಜ ಹುಡುಗನಿಗೆ ಕತೆ ಹೇಳುತ್ತಾನೆ. ಅಜ್ಜನ ಕತೆಗಳೆಲ್ಲ ಬಾಯಿಪಾಠವಾದ ಮೇಲೆ, ಇನ್ನೂ ಕತೆ ಬೇಕಾದರೆ ಲೈಬ್ರರಿಗೆ ಹೋಗು ಅನ್ನುತ್ತಾನೆ. ಅಲ್ಲಿನ ಲೈಬ್ರೇರಿಯನ್ ಇಂಗ್ಲಿಷ್ ಪುಸ್ತಕ ಕೊಡುತ್ತಾಳೆ. ಹುಡುಗ ಅವಳಿಗೆ ಸ್ಪ್ಯಾನಿಷ್ ಪದ ಕಲಿಸುತ್ತಾನೆ. ನೋಡಿ, ಕೊಡುವುದು ಎರಡೂ ಕಡೆಯಿಂದ.

ಆ ಹುಡುಗ ಬೆಳೆದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದ ಚಾನ್ಸಲರ್ ಆದರು. 1971ರಲ್ಲಿ ಬಂದ ತಮ್ಮ ಪ್ರಸಿದ್ಧ ಕಾದಂಬರಿಯನ್ನು ಅವರು ಬರೆದದ್ದು ಮನೆಮಾತಾದ ಸ್ಪ್ಯಾನಿಷ್‌ನಲ್ಲೇ. ಟೆಕ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ 1995ರಲ್ಲಿ ಅವರ ಹೆಸರಿನಲ್ಲಿ ಒಂದು ಬಹುಮಾನ ಸ್ಥಾಪಿಸಿತು. ಮೆಕ್ಸಿಕನ್ ಅಮೆರಿಕನ್ನರ ಬದುಕನ್ನು ಹೇಳುವ ಮಕ್ಕಳ ಮತ್ತು ಹದಿಹರೆಯದವರ ಪುಸ್ತಕಗಳಿಗೆ ಅದು ಸಿಗುತ್ತದೆ.

ಇದೆಲ್ಲ ಅವರ ಕತೆ, ನಮಗೇನು ಸಂಬಂಧ ಅನ್ನುತ್ತೀರಾ? 2025ರ ಮೇ ತಿಂಗಳನ್ನು ನೆನೆಸಿಕೊಳ್ಳಿ. ಹಾಸನದ ಬಾನು ಮುಷ್ತಾಕ್ ಅವರ 12 ಕತೆಗಳ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಕನ್ನಡಕ್ಕೆ ಇದೇ ಮೊದಲು. 50,000 ಪೌಂಡ್ ಬಹುಮಾನದಲ್ಲಿ ಅರ್ಧ ಲೇಖಕಿಗೆ, ಇನ್ನರ್ಧ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೆ. ಅನುವಾದಕ್ಕೂ ಬರವಣಿಗೆಯಷ್ಟೇ ಬೆಲೆ ಎಂದಾಯಿತು. ದೀಪಾ ಅವರು ಇಂಗ್ಲಿಷ್ ಪುಟದಲ್ಲಿ ಉಳಿಸಿಕೊಂಡ ಮೂಲದ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲಿಲ್ಲ, ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. ಆ ಪದಗಳು ಮನೆಯವರಂತೆ ಕುಳಿತಿವೆ.

ಇಂಗ್ಲಿಷ್ ನಿಮ್ಮ ಕೈಯಲ್ಲಿದೆ. ಕನ್ನಡ ಕಿವಿಯಲ್ಲಿದೆ. ಉಳಿದಿರುವುದು ಅಕ್ಷರ ಕಲಿಯುವುದೊಂದೇ, ಅದಕ್ಕೆ ನಿಮ್ಮ ಊರಿನಲ್ಲಿ ಕನ್ನಡ ಕಲಿ ತರಗತಿ ಇದೆಯೇ ಎಂದು ವಿಚಾರಿಸಿ.

ಹಾಗಾಗಿ ಮೂರು ಸಣ್ಣ ಕೆಲಸ. ಒಂದು, ಆಸ್ಟಿನ್ ದೂರವಾದರೆ ನಿಮ್ಮೂರ ಲೈಬ್ರರಿಯಲ್ಲಿ ಕೇಳಿ, ಹತ್ತಿರದಲ್ಲಿ ಯಾವ ಪುಸ್ತಕ ಹಬ್ಬವಿದೆ ಎಂದು. ಇಂಥ ಹಬ್ಬಗಳು ನಡೆಯುವುದೇ ಸ್ವಯಂಸೇವಕರಿಂದ, ನೀವೂ ಹೆಸರು ಕೊಡಬಹುದು. ಎರಡು, ಮನೆಯಲ್ಲಿ ಎರಡು ಭಾಷೆಯಿರುವ ಲೇಖಕರು ಸಿಕ್ಕರೆ ಈ ಪ್ರಶ್ನೆ ಕೇಳಿ: ಯಾವ ಪದವನ್ನು ಅನುವಾದ ಮಾಡದೆ ಹಾಗೇ ಬಿಟ್ಟಿರಿ, ಯಾಕೆ? ಮೂರು, ಮುಂದಿನ ಸಲ ಅಜ್ಜಿ ಫೋನಿನಲ್ಲಿ ಸಿಕ್ಕಾಗ ಒಂದು ಕತೆ ಹೇಳಿಸಿ, ಅವರನ್ನು ಕೇಳಿಕೊಂಡು ರೆಕಾರ್ಡ್ ಮಾಡಿಕೊಳ್ಳಿ. ನಿಮಗೆ ಬರುವ ಭಾಷೆಯಲ್ಲಿ ಬರೆದಿಡಿ.

ಟೊಮಾಸ್‌ನ ಅಜ್ಜನ ಕತೆ ಪುಸ್ತಕಕ್ಕೆ ಬಂತು, ಯಾಕೆಂದರೆ ಮೊಮ್ಮಗ ಕೇಳಿಸಿಕೊಂಡಿದ್ದ. ನಮ್ಮ ಅಜ್ಜಿಯರ ಕತೆಗಳಿಗೆ ಇನ್ನು ಕಿವಿಯಾಗಬೇಕಾದವರು ನೀವು. ನಾಳೆ ಎಂದರೆ ತಡವಾದೀತು, ಈ ಭಾನುವಾರವೇ ಫೋನ್ ಮಾಡಿ.